ಹಿಡಿದವರ ಹೆಸರು

ಆ ರಿಜಿಸ್ಟರಿನಲ್ಲಿ ನಾನು ತಾಯಿ. ಕೆಲವು ಸಾಲುಗಳಲ್ಲಿ ಮಗಳು. ಇನ್ನು ಕೆಲವು ಕಡೆ ಅಕ್ಕ, ಸೊಸೆ, ಚಿಕ್ಕಮ್ಮ. ಒಂದು ಸಲ ಅಜ್ಜಿ ಅಂತಲೂ ಬರೆದಿದೆ. ಆಗ ನನಗೆ ಮೂವತ್ತೊಂದು ವರ್ಷ. ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಸಲವೂ ನನ್ನ ಹೆಸರು ಬರೆದಿಲ್ಲ.

ನಾನು ಎಕ್ಸ್‌ರೇ ಸೆಂಟರಿನಲ್ಲಿ ಕಸ ಗುಡಿಸುವವಳು. ಕಾಂಟ್ರಾಕ್ಟರನ ಕಡೆಯವಳು, ಸೆಂಟರಿನವಳಲ್ಲ. ಬೆಳಿಗ್ಗೆ ಏಳಕ್ಕೆ ಹೋಗಿ ಮೂರು ಕೋಣೆ, ಒಂದು ಹಜಾರ, ಎರಡು ಪಾಯಿಖಾನೆ ತೊಳೆಯಬೇಕು. ಅದು ನನ್ನ ಕೆಲಸ. ಒಂಬತ್ತಕ್ಕೆ ಜನ ಬರುತ್ತಾರೆ. ಆಮೇಲಿನದು ನನ್ನ ಕೆಲಸವಲ್ಲ, ಆದರೆ ಅದನ್ನೇ ಹೆಚ್ಚು ಮಾಡಿದ್ದೇನೆ. ಅಳುವ ಮಕ್ಕಳನ್ನು ಹಿಡಿಯುವುದು. ನಿಲ್ಲಲಾರದ ಮುದುಕರನ್ನು ಹಿಡಿಯುವುದು. ಬಿದ್ದು ಸೊಂಟ ಮುರಿದುಕೊಂಡವರನ್ನು ಮಗ್ಗುಲಿಗೆ ಹೊರಳಿಸಿ, ಫೋಟೊ ತೆಗೆಯುವವರೆಗೆ ಅಲ್ಲಾಡದ ಹಾಗೆ ಒತ್ತಿ ಹಿಡಿಯುವುದು. ಅವರು ನನ್ನ ಕೈ ಕಚ್ಚುತ್ತಾರೆ, ಕೂದಲು ಎಳೆಯುತ್ತಾರೆ, ಮೈಮೇಲೆ ಉಚ್ಚೆ ಹೊಯ್ಯುತ್ತಾರೆ. ಅದಕ್ಕೆ ನನಗೆ ಸಿಟ್ಟಿಲ್ಲ. ನೋವಾದವರು ಇನ್ನೇನು ಮಾಡಿಯಾರು?

ಮಷೀನು ಒತ್ತುವವನಿಗೆ ಕೌಂಟರಿನವರು ಉಸಿರಪ್ಪ ಅಂತ ಹೆಸರಿಟ್ಟಿದ್ದಾರೆ. ದಿನಕ್ಕೆ ನೂರು ಸಲ "ಉಸಿರು ಎಳ್ಕೊಳ್ಳಿ, ಹಾಗೇ ಇರಿ, ಬಿಡಿ" ಅನ್ನುತ್ತಾನಲ್ಲ, ಅದಕ್ಕೆ. ನನಗೂ ಒಂದು ಹೆಸರಿಟ್ಟಿದ್ದಾರೆ. ಹಿಡ್ಕೋ. "ಹಿಡ್ಕೋ ಎಲ್ಲಿ? ಹಿಡ್ಕೋನ ಕಳ್ಸಿ ಒಳಗೆ." ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ಕರೆದ ಕೂಡಲೇ ಎದ್ದು ಹೋಗುವುದು ಅಭ್ಯಾಸವಾಯಿತು.

ಉಸಿರಪ್ಪ ಸೀಸದ ಗೋಡೆಯ ಹಿಂದೆ ನಿಲ್ಲುತ್ತಾನೆ. ಗೋಡೆಗೆ ಒಂದು ದಪ್ಪ ಗಾಜಿನ ಕಿಟಕಿ ಇದೆ. ಅಲ್ಲಿಂದ ನೋಡಿ ಗುಂಡಿ ಒತ್ತುತ್ತಾನೆ. ನಾನು ಗಾಜಿನ ಈಚೆ, ಮಗುವಿನ ಮೇಲೆ ಬಗ್ಗಿಕೊಂಡು. ಹೀಗೆ ದಿನಕ್ಕೆ ಹತ್ತು, ಹದಿನೈದು ಸಲ. ರಜೆಯ ಮಾರನೇ ದಿನ ಇಪ್ಪತ್ತು.

ಕಿರಣ ಮೈಗೆ ತಾಗದ ಹಾಗೆ ಹಿಡಿಯುವವರು ಹಾಕಿಕೊಳ್ಳಲೆಂದು ಸೀಸದ ಏಪ್ರನ್ ಇದೆ. ಇಲ್ಲವೆಂದಲ್ಲ. ಎರಡಿವೆ. ಗಾಜಿನ ಬೀರುವಿನಲ್ಲಿ ಬೀಗ ಹಾಕಿ ನೇತುಹಾಕಿದ್ದಾರೆ. ತಪಾಸಣೆಯವರು ಬಂದಾಗ ಹೊಸದಾಗಿ ಕಾಣಬೇಕಂತೆ. ಮಡಿಸಿದರೆ ಸೀಸ ಬಿರುಕು ಬಿಡುತ್ತದಂತೆ, ದುಬಾರಿ ಸಾಮಾನಂತೆ. ಬೀರುವಿನ ಗಾಜನ್ನು ವಾರಕ್ಕೊಮ್ಮೆ ನಾನೇ ಒರೆಸುತ್ತೇನೆ. ಬೀರುವಿನ ಬಾಗಿಲಿಗೆ ನಿಯಮಗಳ ಒಂದು ಹಾಳೆ ಅಂಟಿಸಿದೆ. ನಾನು ಏಳನೇ ತರಗತಿವರೆಗೆ ಓದಿದವಳು. ಒರೆಸುತ್ತಾ ಒರೆಸುತ್ತಾ ಓದಿದ್ದೇನೆ. ರೋಗಿಯನ್ನು ಹಿಡಿಯಬೇಕಾಗಿ ಬಂದರೆ ರೋಗಿಯ ಸಂಬಂಧಿಕರು ಏಪ್ರನ್ ಧರಿಸಿ ಹಿಡಿಯತಕ್ಕದ್ದು. ಒಬ್ಬರೇ ವ್ಯಕ್ತಿಯನ್ನು ಪದೇ ಪದೇ ಈ ಕೆಲಸಕ್ಕೆ ಬಳಸತಕ್ಕದ್ದಲ್ಲ. ಹಿಡಿದವರ ಹೆಸರು ಮತ್ತು ಸಂಬಂಧವನ್ನು ದಾಖಲಿಸತಕ್ಕದ್ದು.

ಅದಕ್ಕೇ ನಾನು ತಾಯಿ. ಹೆಸರಿನ ಜಾಗದಲ್ಲಿ ಆ ಕ್ಷಣಕ್ಕೆ ಬಾಯಿಗೆ ಬಂದ ಯಾವುದೋ ಹೆಸರು, ಸಂಬಂಧದ ಜಾಗದಲ್ಲಿ ತಾಯಿ. ನಿಜವಾದ ತಾಯಿ ಹೊರಗಿನ ಬೆಂಚಿನಲ್ಲಿ ಕೂತಿರುತ್ತಾಳೆ. "ನೀವು ಒಳಗೆ ಬರ್ಬೇಡಿ ಮೇಡಂ, ಕಿರಣ ಒಳ್ಳೇದಲ್ಲ" ಅಂತ ಉಸಿರಪ್ಪ ಮರ್ಯಾದೆಯಿಂದ ಹೇಳಿರುತ್ತಾನೆ. ಆಕೆ ಥ್ಯಾಂಕ್ಸ್ ಸಾರ್ ಅನ್ನುತ್ತಾಳೆ. ತಾಯಂದಿರು ಹಿಡಿದರೆ ಮಗುವಿನ ಮುಖ ನೋಡಿ ಕೈ ಸಡಿಲ ಬಿಡುತ್ತಾರೆ, ಫೋಟೊ ಅಲುಗುತ್ತದೆ, ಎರಡನೇ ಸಲ ತೆಗೆಯಬೇಕು, ಸಾಲು ಬೆಳೆಯುತ್ತದೆ. ಏಪ್ರನ್ ಹಾಕಬೇಕು, ತೆಗೆಯಬೇಕು. ನಾನಾದರೆ ಏನೂ ಇಲ್ಲ. ಪೊರಕೆ ಗೋಡೆಗೆ ಒರಗಿಸಿ ಬಂದು ಹಿಡಿದು ಹೋಗುತ್ತೇನೆ.

ಕೆಲಸಕ್ಕೆ ಸೇರಿದ ಐದನೇ ವರ್ಷ ನನಗೆ ಮುಟ್ಟು ನಿಂತಿತು. ಮದುವೆಯಾಗಿ ಎಂಟು ವರ್ಷದ ಮೇಲೆ. ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಒಂದು ಬೋರ್ಡಿದೆ: ಗರ್ಭಿಣಿಯರು, ಅಥವಾ ಗರ್ಭಿಣಿ ಎಂಬ ಅನುಮಾನ ಇರುವವರು, ಮೊದಲೇ ಸಿಬ್ಬಂದಿಗೆ ತಿಳಿಸಿ. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುವ ಬೋರ್ಡು. ಅವತ್ತು ಒರೆಸಿ, ಒಳಗೆ ಹೋಗಿ, ನಾಚಿಕೆ ಬಿಟ್ಟು ಉಸಿರಪ್ಪನಿಗೆ ಹೇಳಿದೆ.

"ಸಾರ್, ನನಗೆ ದಿನ ನಿಂತಿದೆ. ಬೋರ್ಡಲ್ಲಿ ತಿಳ್ಸಿ ಅಂತ ಹಾಕಿದ್ದಾರಲ್ಲ."

ಅವನು ಫಿಲ್ಮು ಬೆಳಕಿಗೆ ಹಿಡಿದು ನೋಡುತ್ತಿದ್ದ. ತಿರುಗಲಿಲ್ಲ.

"ಅದು ಪೇಷೆಂಟ್‌ಗಳಿಗೆ ಕಣಮ್ಮಾ. ನೀನೇನು ಪೇಷೆಂಟಾ?"

ನಾನು ಪೇಷೆಂಟ್ ಅಲ್ಲ. ಸಿಬ್ಬಂದಿಯೂ ಅಲ್ಲ. ಹೋಗಿ ಹಿಡಿದೆ. ಮೂರನೇ ತಿಂಗಳಲ್ಲಿ ಹೋಯಿತು. ಅಲ್ಲಿಯ ಪಾಯಿಖಾನೆಯಲ್ಲೇ, ಮಧ್ಯಾಹ್ನ ಹನ್ನೆರಡಕ್ಕೆ. ನಾನೇ ತೊಳೆದು ಬಂದೆ. ಆಮೇಲೆ ಮತ್ತೆ ಆಗಲೇ ಇಲ್ಲ.

ಆ ಕಿರಣದಿಂದಲೇ ಹೋಯಿತು ಅಂತ ನಾನು ಹೇಳುವುದಿಲ್ಲ. ಸುಮ್ಮನೆ ಹೋಗುವುದೂ ಉಂಟು ಅಂತ ಸರ್ಕಾರಿ ಆಸ್ಪತ್ರೆಯ ನರ್ಸು ಹೇಳಿದಳು. ಇರಬಹುದು. ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ಹಾಗೆ ಯಾರೂ ಏನನ್ನೂ ಅಳೆದಿರಲಿಲ್ಲ, ಅದೇ ನನ್ನ ಸಂಕಟ. ಮಾರನೇ ವಾರ ಕೆಲಸಕ್ಕೆ ಹೋದೆ. ಎರಡು ವರ್ಷದ ಕೂಸೊಂದು ನಾಣ್ಯ ನುಂಗಿಕೊಂಡು ಬಂದಿತ್ತು. ಹಿಡಿದೆ. ಉಸಿರಪ್ಪ ರಿಜಿಸ್ಟರಿನಲ್ಲಿ ಬರೆದ: ತಾಯಿ.

ಈಗ ಬಿಲ್ಲೆಯ ವಿಷಯ ಹೇಳುತ್ತೇನೆ. ಎಲ್ಲ ಎದ್ದದ್ದು ಅದರಿಂದಲೇ.

ಮಷೀನಿನ ಹತ್ತಿರ ಕೆಲಸ ಮಾಡುವವರಿಗೆ ಎದೆಗೆ ಸಿಕ್ಕಿಸಿಕೊಳ್ಳಲು ಒಂದು ಬಿಲ್ಲೆ ಕೊಡುತ್ತಾರೆ. ಬೆಂಕಿಪೊಟ್ಟಣದಷ್ಟು. ಮೈಮೇಲೆ ಎಷ್ಟು ಕಿರಣ ಬಿತ್ತು ಅಂತ ಅದು ಲೆಕ್ಕ ಇಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಸರ್ಕಾರದ ಕಚೇರಿಗೆ ಕಳಿಸಿದರೆ ಅವರು ಓದಿ ಕಾಗದ ಬರೆಯುತ್ತಾರೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಸೆಂಟರಿನಲ್ಲಿ ಎರಡು ಬಿಲ್ಲೆ. ಒಂದು ಉಸಿರಪ್ಪನದು, ಒಂದು ದೊಡ್ಡ ಡಾಕ್ಟರದು. ಡಾಕ್ಟರದು ಡ್ರಾಯರಿನಿಂದ ಹೊರಗೆ ಬಂದದ್ದೇ ಇಲ್ಲ.

ಚಳಿಯ ದಿನಗಳಲ್ಲಿ ಉಸಿರಪ್ಪ ಹೊಸ ಬಿಳಿ ಕೋಟು ತಂದ. ಹಳೆಯದನ್ನು ನನ್ನ ಕಡೆ ಎಸೆದ.

"ತಗೋ, ನೆಲ ಒರ್ಸೋಕೆ ಆಗುತ್ತೆ."

ನೆಲ ಒರೆಸಲು ಮನಸ್ಸು ಬರಲಿಲ್ಲ. ದಪ್ಪ ಬಟ್ಟೆ, ಮೊಣಕೈ ಹತ್ತಿರ ಮಾತ್ರ ಸವೆದಿತ್ತು. ಮಷೀನಿನ ಕೋಣೆಯಲ್ಲಿ ಏಸಿ ಹಾಕಿ ಹಾಕಿ ನನ್ನ ಮೂಳೆಯೆಲ್ಲ ಕೊರೆಯುತ್ತಿತ್ತು. ಮನೆಗೆ ಒಯ್ದು ಒಗೆದೆ. ಒಗೆಯುವಾಗ ಒಳಜೇಬಿನಲ್ಲಿ ಬಿಲ್ಲೆ ಸಿಕ್ಕಿತು.

ವಾಪಸ್ ಕೊಡಬೇಕಿತ್ತು. ಕೊಡಲಿಲ್ಲ. ನಿಜ ಹೇಳಬೇಕೆಂದರೆ, ಇಷ್ಟವಾಯಿತು. ಕೆಲಸದವರು ಎದೆಗೆ ಹಾಕಿಕೊಳ್ಳುವ ಗುರುತು ಅಂದುಕೊಂಡೆ. ಕೋಟಿನ ಜೊತೆ ಬಂದಿದೆ, ಬೇಕಿದ್ದರೆ ಕೇಳಲಿ ಅಂದುಕೊಂಡೆ. ಹೊರಗೆ ಹಾಕಿಕೊಂಡರೆ "ನೋಡ್ರೋ, ಹಿಡ್ಕೋ ಸಾರ್ ಆಗಿಬಿಟ್ಳು" ಅಂತ ನಗುತ್ತಾರೆ. ಅದಕ್ಕೆ ಕೋಟಿನ ಒಳಗಡೆ, ರವಿಕೆಯ ಮೇಲೆ ಸಿಕ್ಕಿಸಿಕೊಂಡೆ. ಮೂರು ತಿಂಗಳು ಹಾಕಿಕೊಂಡು ಹಿಡಿದೆ. ಉಸಿರಪ್ಪ ಒಂದು ದಿನವೂ ಹುಡುಕಲಿಲ್ಲ. ಕಳಿಸುವ ದಿನ ಬಂದಾಗ ಡ್ರಾಯರನ್ನೆಲ್ಲ ಕೆದಕಿ, "ಬಿಲ್ಲೆ ಏನಾದ್ರೂ ಕಂಡ್ಯಾ?" ಅಂದ. ಬಿಚ್ಚಿ ಕೊಟ್ಟೆ. "ಹಳೇ ಕೋಟಲ್ಲಿತ್ತು ಸಾರ್" ಅಂದೆ. ಬೈಯಲೂ ಇಲ್ಲ. ಲಕೋಟೆಗೆ ಹಾಕಿ ಕಳಿಸಿದ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾನು ಹಜಾರ ಒರೆಸುತ್ತಿದ್ದೆ. ಉಸಿರಪ್ಪ ಬಂದು ನನ್ನ ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಮುಖದಲ್ಲಿ ರಕ್ತವೇ ಇಲ್ಲ.

"ಅಕ್ಕಾ," ಅಂದ.

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಏನೋ ಗ್ರಹಚಾರ ಕಾದಿದೆ ಅಂತ ಆಗಲೇ ಅನ್ನಿಸಿತು.

"ಅಕ್ಕಾ, ಆ ಬಿಲ್ಲೆ ಕೋಟಲ್ಲಿತ್ತು ಅಂದ್ರಲ್ಲ. ಆ ಕೋಟು ಎಲ್ಲಿತ್ತು? ಮೊಳೆಗೆ ನೇತು ಹಾಕಿದ್ರಾ?"

"ಇಲ್ಲ ಸಾರ್. ಹಾಕ್ಕೊಂಡಿದ್ದೆ."

"ಹಿಡಿಯೋವಾಗ?"

"ಹೂಂ. ಬಿಲ್ಲೇನೂ ಹಾಕ್ಕೊಂಡಿದ್ದೆ. ಒಳಗಡೆ."

ಅವನು ಹಣೆ ಚಚ್ಚಿಕೊಂಡ. ಕಚೇರಿಯಿಂದ ಕಾಗದ ಬಂದಿತ್ತು. ಈ ಬಿಲ್ಲೆಯ ನೌಕರನಿಗೆ ಮೂರು ತಿಂಗಳಲ್ಲಿ ಬರಬಾರದಷ್ಟು ಬಂದಿದೆ. ಕಾರಣವೇನೆಂದು ಹದಿನೈದು ದಿನದೊಳಗೆ ಬರೆದು ತಿಳಿಸಿ. ಅಲ್ಲಿಯವರೆಗೆ ಆ ನೌಕರನನ್ನು ಮಷೀನಿನ ಹತ್ತಿರ ಬಿಡಬೇಡಿ.

"ಇಬ್ರು ಮಕ್ಳಿದ್ದಾರೆ ಅಕ್ಕಾ ನನಗೆ. ಲೈಸೆನ್ಸಿಗೆ ಕುತ್ತು ಬರುತ್ತೆ. ಸಾರ್ ಕರೀತಿದ್ದಾರೆ, ಸ್ವಲ್ಪ ಬನ್ನಿ. ಅವರು ಹೇಳಿದ ಹಾಗೆ ಮಾಡಿ, ಪ್ಲೀಸ್."

ಪಾಪ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಅನ್ನಿಸಿತು. ಕೈ ಒರೆಸಿಕೊಂಡು ಹೋದೆ.

ದೊಡ್ಡ ಡಾಕ್ಟರ ಕೋಣೆಗೆ ನಾನು ದಿನಾ ಹೋಗುತ್ತೇನೆ, ಅವರು ಬರುವ ಮುಂಚೆ. ಅವರು ಇದ್ದಾಗ ಹೋದದ್ದು ಅವತ್ತೇ. ಕುರ್ಚಿ ತೋರಿಸಿದರು. ಆ ಕುರ್ಚಿಯ ಕಾಲಿನ ಧೂಳು ಒರೆಸಿದ್ದೇನೆಯೇ ಹೊರತು ಕೂತಿರಲಿಲ್ಲ. ನಿಂತೇ ಇದ್ದೆ.

"ಕೂತ್ಕೋಮ್ಮಾ. ಭಯ ಪಡಬೇಡ. ನಿನ್ನ ಮೇಲೆ ಏನೂ ಬರಲ್ಲ. ಬರೀ ಒಂದು ಸಹಿ."

ಟೈಪು ಮಾಡಿದ ಹಾಳೆ ನನ್ನ ಕಡೆ ತಿರುಗಿಸಿದರು. ಉಸಿರಪ್ಪ ಪೆನ್ನು ಹಿಡಿದು ನಿಂತಿದ್ದ. ನನಗೆ ಓದು ಬರುತ್ತದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ನಾನು ಓದತೊಡಗಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾನು" ಅಂತ ಶುರುವಾಗಿತ್ತು. ಆಮೇಲೆ ಹೆಸರಿಗೆ ಖಾಲಿ ಜಾಗ, ಚುಕ್ಕೆ ಚುಕ್ಕೆ. ಆಮೇಲೆ, "ಸ್ವಚ್ಛತಾ ಕೆಲಸದಾಕೆ, ಸಿಬ್ಬಂದಿಯ ಬಿಲ್ಲೆಯನ್ನು ಅಜಾಗರೂಕತೆಯಿಂದ ಎಕ್ಸ್‌ರೇ ಮೇಜಿನ ಕೆಳಗೆ ಬೀಳಿಸಿದ್ದು, ಯಾರಿಗೂ ತಿಳಿಸಿರುವುದಿಲ್ಲ. ಬಿಲ್ಲೆಯು ಮೂರು ತಿಂಗಳ ಕಾಲ ಅಲ್ಲಿಯೇ ಬಿದ್ದಿದ್ದು, ಸದರಿ ಅವಧಿಯಲ್ಲಿ ಅದನ್ನು ಯಾರೂ ಧರಿಸಿರುವುದಿಲ್ಲ. ಇದಕ್ಕಾಗಿ ಕ್ಷಮೆ ಕೋರುತ್ತೇನೆ."

"ಯಾರೂ ಧರಿಸಿರುವುದಿಲ್ಲ" ಅನ್ನುವ ಮಾತಿನ ಮೇಲೆ ನನ್ನ ಕಣ್ಣು ಸಿಕ್ಕಿಕೊಂಡಿತು. ಮತ್ತೆ ಮತ್ತೆ ಓದಿದೆ.

"ನಾನು ಹಾಕ್ಕೊಂಡಿದ್ದೆ ಸಾರ್."

"ಗೊತ್ತಮ್ಮಾ. ಹಾಗಂತ ಬರೆದ್ರೆ ನಿನ್ನನ್ನ ಯಾಕೆ ಒಳಗೆ ಬಿಟ್ರಿ ಅಂತ ಕೇಳ್ತಾರೆ. ಸೆಂಟರ್ ಮುಚ್ಚಿಸ್ತಾರೆ. ಎಷ್ಟು ಜನ ಬೀದಿಗೆ ಬೀಳ್ತಾರೆ ಯೋಚನೆ ಮಾಡು. ನೀನೂ ಸೇರಿ."

"ಅದರಲ್ಲಿ ಎಷ್ಟು ಬಂದಿದೆ ಸಾರ್?"

"ಏನು ಎಷ್ಟು?"

"ನನ್ನ ಮೈಗೆ. ಎಷ್ಟು ಬಿದ್ದಿದೆ ಅಂತ."

"ಅದೆಲ್ಲ ನಿನಗೆ ಅರ್ಥ ಆಗಲ್ಲ."

ಕಚೇರಿಯ ಕಾಗದ ಅವರ ಮೊಣಕೈ ಕೆಳಗಿತ್ತು. ತಲೆಕೆಳಗಾಗಿಯೇ ಓದಿದೆ. ಮೇಲೆ ವಿಳಾಸ, ನಡುವೆ ಬಿಲ್ಲೆಯ ನಂಬರು, ಅದರ ಮುಂದೆ ದಪ್ಪಕ್ಷರದಲ್ಲಿ ಹನ್ನೊಂದು ಪಾಯಿಂಟ್ ನಾಲ್ಕು. ಹನ್ನೊಂದು ಪಾಯಿಂಟ್ ನಾಲ್ಕು, ಹನ್ನೊಂದು ಪಾಯಿಂಟ್ ನಾಲ್ಕು ಅಂತ ಬಾಯೊಳಗೇ ಅಂದುಕೊಂಡೆ. ಅದು ಎಷ್ಟು ಹೆಚ್ಚು ಅಂತ ನನಗೆ ಗೊತ್ತಿಲ್ಲ. ಆದರೆ ಅದು ನನ್ನದು. ಹದಿನಾಲ್ಕು ವರ್ಷದಲ್ಲಿ ಮೂರು ತಿಂಗಳು ಮಾತ್ರ ನನ್ನ ಮೈಯನ್ನು ಯಾರೋ ಅಳೆದಿದ್ದಾರೆ, ಅದೂ ಕಣ್ತಪ್ಪಿನಿಂದ. ಉಳಿದದ್ದೆಲ್ಲ ಗಾಳಿಗೆ ಹೋಯಿತು. ಆ ಕೂಸು ಹೊಟ್ಟೆಯಲ್ಲಿದ್ದ ಮೂರು ತಿಂಗಳೂ ಗಾಳಿಗೆ ಹೋಯಿತು. ಈ ಒಂದನ್ನೂ ಅಳಿಸಲು ನನ್ನ ಕೈಯನ್ನೇ ಕೇಳುತ್ತಿದ್ದಾರೆ.

"ನಿನ್ನ ಅತ್ತೆಗೆ ಸೊಂಟ ನೋವಂತಲ್ಲ," ಡಾಕ್ಟರು ದನಿ ಇಳಿಸಿದರು. "ಕರ್ಕೊಂಡು ಬಾ. ಎಕ್ಸ್‌ರೇ ಪುಕ್ಕಟೆ ತೆಗೆದುಕೊಡ್ತೀವಿ."

ನಗು ಬಂತು. ತಡೆದುಕೊಂಡೆ.

"ಇವತ್ತು ಸಹಿ ಹಾಕಲ್ಲ ಸಾರ್. ಮನೇಲಿ ಕೇಳ್ಬೇಕು."

"ನಾಳೆ ಬೆಳಿಗ್ಗೆ ಹಾಕಲೇಬೇಕು. ಇಲ್ಲಾಂದ್ರೆ ಕಾಂಟ್ರಾಕ್ಟರ್‌ಗೆ ಬೇರೆಯವರನ್ನ ಕಳಿಸು ಅಂತೀನಿ. ಅರ್ಥ ಆಯ್ತಲ್ಲ?"

ಇದು ಅರ್ಥವಾಯಿತು. ಹೋಗಿ ಉಳಿದ ಹಜಾರ ಒರೆಸಿದೆ.

ಸಂಜೆ ಆರೂವರೆಗೆ ಮನೆ ಸೇರಿದೆ. ಅತ್ತೆಯನ್ನು ಎತ್ತಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಕಾಲು ತಿಕ್ಕುತ್ತಾ ಎಲ್ಲ ಹೇಳಿದೆ. ಅತ್ತೆಗೆ ಸೊಂಟ ಬಿದ್ದು ಎರಡು ವರ್ಷ. ಬಾಯಿಗೆ ಏನೂ ಆಗಿಲ್ಲ.

"ಪುಕ್ಕಟೆ ಫೋಟೊನಾ? ನನ್ನ ಸೊಂಟದ ಫೋಟೊ ಇಟ್ಕೊಂಡು ಏನ್ ಮಾಡ್ಲಿ, ಗೋಡೆಗೆ ಹಾಕ್ಲಾ? ಅಲ್ಲಿಗೆ ಹೋದ್ರೆ ನನ್ನನ್ನ ಹಿಡಿಯೋಳು ಯಾರು? ನೀನೇ ತಾನೆ?"

ನಮ್ಮ ಮನೆಯವರು ಇಸ್ತ್ರಿ ಅಂಗಡಿ ಮುಚ್ಚಿ ಬಂದಿದ್ದರು. ದಿನವಿಡೀ ನಿಂತು ನಿಂತು ಅವರ ಕಾಲಿನ ನರಗಳು ಗಂಟು ಕಟ್ಟಿವೆ. ಗೋಡೆಗೆ ಒರಗಿ ಕಾಲು ಚಾಚಿಕೊಂಡು ಎಲ್ಲ ಕೇಳಿಸಿಕೊಂಡರು.

"ಹಾಕಿಬಿಡು," ಅಂದರು ಕೊನೆಗೆ. "ಸುಮ್ನೆ ಯಾಕೆ ದೊಡ್ಡವರನ್ನ ಎದುರು ಹಾಕ್ಕೋತೀಯ? ಒಂದು ಸಹಿ. ಏನು ಕಳ್ಕೊಳ್ತೀಯ?"

"ಹನ್ನೊಂದು ಪಾಯಿಂಟ್ ನಾಲ್ಕು."

"ಅದೇನು ಬಂಗಾರಾನಾ?"

"ರೀ, ನಮ್ಮ ಕೂಸು ಹೋದಾಗ ನೀವು ಏನ್ ಕೇಳಿದ್ರಿ? ನೆನಪಿದ್ಯಾ? 'ಯಾಕೆ ಹೋಯ್ತು' ಅಂದ್ರಿ. ನಾನೇನಂದೆ? ಗೊತ್ತಿಲ್ಲ ಅಂದೆ. ನರ್ಸೂ ಗೊತ್ತಿಲ್ಲ ಅಂದ್ಳು. ಒಂಬತ್ತು ವರ್ಷದಿಂದ ಗೊತ್ತಿಲ್ಲ, ಗೊತ್ತಿಲ್ಲ. ಈಗ ಒಂದು ಕಾಗದದಲ್ಲಿ ಇಷ್ಟು ಬಿದ್ದಿದೆ ಅಂತ ಬರೆದಿದ್ದಾರೆ. ಅದನ್ನೂ ಯಾರ ಮೇಲೂ ಬಿದ್ದಿಲ್ಲ ಅಂತ ನಾನೇ ಬರೆದುಕೊಡಬೇಕಂತೆ. ನಾಳೆ ನನಗೆ ಏನಾದ್ರೂ ಆದ್ರೆ ಯಾವ ಡಾಕ್ಟರ ಮುಂದೆ ಹೋಗಿ ಏನಂತ ಹೇಳ್ಲಿ? ಸಾಕಾಗಿದೆ ನನಗೆ. ಕೆಲಸ ಸಾಕಾಗಿಲ್ಲ, ಇದು ಸಾಕಾಗಿದೆ."

ದನಿ ಏರಿಸಲಿಲ್ಲ. ಏರಿಸುವ ತ್ರಾಣವೂ ಇರಲಿಲ್ಲ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಆ ಮಗುವಿಗೆಂದು ಅವರು ಹೊಲಿಸಿಟ್ಟ ಕುಲಾವಿ ಪೆಟ್ಟಿಗೆಯಲ್ಲಿ ಈಗಲೂ ಇದೆ.

ನೋಟ್‌ಬುಕ್ಕಿನ ಹಾಳೆ ಹರಿದು ಬರೆಯಲು ಕೂತೆ. ಬರೆದು ಅಭ್ಯಾಸ ತಪ್ಪಿದೆ. ಎರಡು ಸಲ ಹರಿದು ಹಾಕಿದೆ. ಮೂರನೇ ಸಲ ಬರೆದದ್ದು ನೆಟ್ಟಗಾಯಿತು. ವಿಳಾಸ ನೆನಪಿತ್ತು, ನಂಬರೂ ನೆನಪಿತ್ತು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಮನೆಯವರು ಕೈ ಚಾಚಿದರು. ಹರಿಯುತ್ತಾರೋ ಏನೋ ಅಂದುಕೊಂಡೇ ಕೊಟ್ಟೆ. ಅವರು ಹಾಳೆಯನ್ನು ಅಂಗಿ ಮಡಿಸುವ ಹಾಗೆ ಮೂಲೆಗೆ ಮೂಲೆ ಕೂಡಿಸಿ ಮಡಿಸಿದರು, ಉಗುರಿನಿಂದ ಗೀರಿದರು.

"ರಿಜಿಸ್ಟರ್ ಮಾಡಿ ಹಾಕು. ಸುಮ್ನೆ ಡಬ್ಬಿಗೆ ಹಾಕಿದ್ರೆ ಬಂದೇ ಇಲ್ಲ ಅಂದುಬಿಡ್ತಾರೆ," ಅಂದರು.

ಮಾರನೇ ಬೆಳಿಗ್ಗೆ ಅಂಚೆ ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿ ನಿಂತಿದ್ದೆ. ರಸೀದಿಯನ್ನು ರವಿಕೆಯೊಳಗೆ, ಬಿಲ್ಲೆ ಇದ್ದ ಜಾಗದಲ್ಲೇ ಇಟ್ಟುಕೊಂಡೆ. ಸೆಂಟರಿಗೆ ಹೋದಾಗ ಹತ್ತೂ ಕಾಲು. ಬೆಂಚು ತುಂಬಿತ್ತು, ಜನ ಗೋಡೆ ಹಿಡಿದು ನಿಂತಿದ್ದರು. ಉಸಿರಪ್ಪ ಬಾಗಿಲಲ್ಲೇ ಕಾಯುತ್ತಿದ್ದ.

"ಎಲ್ಲಿ ಹೋಗಿದ್ದೆ? ಬಾ ಬಾ, ಹಿಡ್ಕೋ. ಮೂರು ಮಕ್ಕಳು ಕಾಯ್ತಿವೆ. ಆಮೇಲೆ ಸಾರ್ ಹತ್ರ ಹೋಗಿ ಸಹಿ ಹಾಕು."

ಅಕ್ಕ ಹೋಗಿತ್ತು. ಒಂದೇ ದಿನ ಇದ್ದದ್ದು.

ಒಳಗೆ ಮೇಜಿನ ಮೇಲೆ ನಾಲ್ಕು ವರ್ಷದ ಹುಡುಗಿ. ಮೆಟ್ಟಿಲ ಮೇಲಿಂದ ಬಿದ್ದು ಮೊಣಕೈ ಊದಿಕೊಂಡಿತ್ತು. ಕಿರುಚಿ ಕಿರುಚಿ ದನಿಯೇ ಇರಲಿಲ್ಲ. ತಾಯಿ ಬಾಗಿಲಾಚೆ ನಿಂತು ಸೆರಗು ಕಚ್ಚಿಕೊಂಡಿದ್ದಳು. ಹುಡುಗಿ ನನ್ನ ಕಡೆ ನೋಡಿತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಎಳೆದುಕೊಂಡೆ. ಹದಿನಾಲ್ಕು ವರ್ಷದಲ್ಲಿ ಎಷ್ಟೋ ಭಾರ ಎತ್ತಿದ್ದೇನೆ. ಆ ಕೈ ಹಿಂದಕ್ಕೆ ಎಳೆದುಕೊಂಡಷ್ಟು ಕಷ್ಟ ಯಾವುದೂ ಆಗಿರಲಿಲ್ಲ.

"ಹಿಡಿಯಲ್ಲ ಸಾರ್."

"ಏನಂದೆ?"

"ಹಿಡಿಯಲ್ಲ ಅಂದೆ. ನಾನು ಕಸದವಳು. ಮೂರು ತಿಂಗಳು ಇಲ್ಲಿ ಯಾರೂ ಇರಲೇ ಇಲ್ಲ ಅಂತ ಬರೆದಿದ್ದೀರಲ್ಲ. ಆ ಯಾರೂ ಅಲ್ಲದವಳೇ ನಾನು. ಇಲ್ಲದವಳು ಹೇಗೆ ಹಿಡೀಲಿ?"

"ಏಯ್, ಮಗು ಅಳ್ತಿದೆ. ಮನುಷ್ಯತ್ವ ಇಲ್ವಾ ನಿನಗೆ?"

ಈ ಮಾತು ಚುಚ್ಚಿತು. ನಾನು ಬಾಗಿಲ ಕಡೆ ತಿರುಗಿದೆ.

"ಅಮ್ಮಾ, ನೀವು ಒಳಗೆ ಬನ್ನಿ. ನಿಮ್ಮ ಮಗೂನ ನೀವೇ ಹಿಡೀಬಹುದು, ಅದು ನಿಮ್ಮ ಹಕ್ಕು. ಆ ಬೀರುವಲ್ಲಿ ಏಪ್ರನ್ ಇದೆ, ಕೊಡಿ ಅಂತ ಕೇಳಿ. ಮೊದ್ಲು ಈ ಬೋರ್ಡು ಓದಿ."

ಆಕೆ ಬೋರ್ಡು ಓದಿದಳು. ಓದಿ ಅಲ್ಲೇ ನಿಂತುಬಿಟ್ಟಳು. ಮುಖ ಕೆಂಪಾಯಿತು.

"ನನಗೆ... ಎರಡು ವಾರ ಮೀರಿದೆ. ಇನ್ನೂ ಯಾರಿಗೂ ಹೇಳಿಲ್ಲ," ಅಂದಳು ಸಣ್ಣಗೆ. "ಇಲ್ಲೂ ಯಾರೂ ಕೇಳಲಿಲ್ಲ."

"ಹಾಗಾದ್ರೆ ಬರಬೇಡಿ," ಅಂದೆ. "ಹೊರಗೇ ಇರಿ ತಾಯೀ. ದೂರ ಇರಿ."

ಹೊರಗೆ ಗುಸುಗುಸು ಎದ್ದಿತು. ಬೆಂಚಿನಲ್ಲಿದ್ದ ಮುದುಕರೊಬ್ಬರು "ಏಪ್ರನ್ ಇದ್ಯಂತಾ? ಹೋದ ತಿಂಗಳು ನಮಗ್ಯಾಕೆ ಕೊಡ್ಲಿಲ್ಲ?" ಅಂದರು. ಇನ್ನೊಬ್ಬಳು "ನನ್ನ ಮಗೂನ ಹಿಡಿದಿದ್ದು ಈಯಮ್ಮಾನೇ, ಮೈಮೇಲೆ ಏನೂ ಇರ್ಲಿಲ್ಲ" ಅಂದಳು. ಗಲಾಟೆ ಕೇಳಿ ದೊಡ್ಡ ಡಾಕ್ಟರು ಎದ್ದು ಬಂದರು. ಉಸಿರಪ್ಪ ಕಿವಿಯಲ್ಲಿ ಏನೋ ಹೇಳಿದ. ಅವರು ನನ್ನನ್ನು ನೋಡಿದರು, ಜನರನ್ನು ನೋಡಿದರು.

"ಯಾರಾದರೂ ಹಿಡೀರಪ್ಪಾ," ಅಂದರು.

ಯಾರೂ ಏಳಲಿಲ್ಲ.

"ನೀವೇ ಹಿಡೀರಿ ಸಾರ್," ಅಂದೆ. "ಬೀರು ಬೀಗದ ಕೈ ನಿಮ್ಮ ಹತ್ರಾನೇ ಇದೆ."

ಅವರ ಕಣ್ಣಲ್ಲಿ ಕೆಂಡ ಕಂಡಿತು. ಆದರೆ ಜನ ನೋಡುತ್ತಿದ್ದರು. ಜೇಬಿಗೆ ಕೈ ಹಾಕಿದರು. ಬೀಗ ತೆಗೆದರು. ಒಂದು ಏಪ್ರನ್ ತಾವು ಹಾಕಿಕೊಂಡರು, ಕುತ್ತಿಗೆಗೆ ಸೀಸದ ಪಟ್ಟಿ ಕಟ್ಟಿಸಿಕೊಂಡರು, ಡ್ರಾಯರಿನಿಂದ ತಮ್ಮ ಬಿಲ್ಲೆ ತರಿಸಿ ಎದೆಗೆ ಸಿಕ್ಕಿಸಿಕೊಂಡರು. ಇಷ್ಟಕ್ಕೆಲ್ಲ ಎರಡು ನಿಮಿಷವೂ ಹಿಡಿಯಲಿಲ್ಲ. ನಾನು ಪೊರಕೆ ಹಿಡಿದು ಅದನ್ನೇ ನೋಡುತ್ತಾ ನಿಂತಿದ್ದೆ. ಎರಡು ನಿಮಿಷದ ಕೆಲಸ. ಹದಿನಾಲ್ಕು ವರ್ಷ ಯಾರಿಗೂ ಆ ಎರಡು ನಿಮಿಷ ಸಿಕ್ಕಿರಲಿಲ್ಲ.

ಡಾಕ್ಟರಿಗೆ ಹಿಡಿಯಲು ಬರಲಿಲ್ಲ. ಹುಡುಗಿ ಒದ್ದಿತು, ಅವರು ಬೆಚ್ಚಿ ಕೈ ಬಿಟ್ಟರು. ಮತ್ತೆ ಹಿಡಿದರು, ಊದಿದ ಮೊಣಕೈಯನ್ನೇ ಹಿಡಿದರು. ಮಗು ಚೀರಿತು. ನನಗೆ ತಡೆಯಲಾಗಲಿಲ್ಲ. ಹೊರಗೆ ನಿಂತೇ ಕೂಗಿದೆ.

"ಮೊಣಕೈ ಬೇಡ ಸಾರ್! ಒಂದು ಕೈ ಭುಜಕ್ಕೆ ಕೊಡಿ, ಇನ್ನೊಂದು ಮಣಿಕಟ್ಟಿಗೆ. ಮೆತ್ತಗೆ. ಅವಳ ಮುಖಕ್ಕೆ ಮುಖ ಕೊಟ್ಟು ಏನಾದ್ರೂ ಮಾತಾಡಿಸಿ. ಹೆಸರು ಕೇಳಿ."

ಡಾಕ್ಟರು ಹೆಸರು ಕೇಳಿದರು. ಹುಡುಗಿ ಬಿಕ್ಕುತ್ತಾ ಹೇಳಿತು. ಉಸಿರಪ್ಪ ಗುಂಡಿ ಒತ್ತಿದ. ಮುಗಿಯಿತು. ತಾಯಿ ಓಡಿ ಬಂದು ಮಗುವನ್ನು ಎತ್ತಿಕೊಂಡಳು, ನನ್ನ ಕಡೆ ಒಂದು ಸಲ ನೋಡಿ ಹೊರಗೆ ಹೋದಳು.

ಉಸಿರಪ್ಪ ರಿಜಿಸ್ಟರು ತೆರೆದು ಪೆನ್ನು ಹಿಡಿದ. ಬರೆಯುತ್ತಾ ಹಿಡಿದವರ ಹೆಸರಿನ ಕಾಲಮ್ಮಿಗೆ ಬಂದು ತಡೆದ. ಡಾಕ್ಟರ ಮುಖ ನೋಡಿದ, ನನ್ನ ಮುಖ ನೋಡಿದ.

"ತಾಯಿ ಅಂತ ಬರೀರಿ ಸಾರ್," ಅಂದೆ. "ಅಭ್ಯಾಸ ಇದೆಯಲ್ಲ."

ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಡಾಕ್ಟರು ಏಪ್ರನ್ ಬಿಚ್ಚಿ ಮೇಜಿನ ಮೇಲೆ ಧೊಪ್ಪೆಂದು ಹಾಕಿ ನನ್ನ ಹತ್ತಿರ ಬಂದರು. ಬೆವರಿದ್ದರು.

"ಆಯ್ತಾ ನಿನ್ನ ನಾಟಕ? ಈಗ ಒಳಗೆ ಬಂದು ಸಹಿ ಹಾಕು. ಹಾಕಿ ಹೊರಟುಹೋಗು, ನಾಳೆಯಿಂದ ಬರಬೇಡ."

"ಹಾಕಿದ್ದಾಯ್ತು ಸಾರ್."

"ಎಲ್ಲಿ?"

ರವಿಕೆಯಿಂದ ರಸೀದಿ ತೆಗೆದು ತೋರಿಸಿದೆ. ಕೈಗೆ ಕೊಡಲಿಲ್ಲ.

"ಆ ಕಚೇರಿಗೆ ನಾನೇ ಬರೆದಿದ್ದೀನಿ. ಆ ಬಿಲ್ಲೆ ಹಾಕ್ಕೊಂಡಿದ್ದು ನಾನು. ಹನ್ನೊಂದು ಪಾಯಿಂಟ್ ನಾಲ್ಕು ನನ್ನ ಮೈಗೆ ಬಿದ್ದದ್ದು. ಹದಿನಾಲ್ಕು ವರ್ಷದ ರಿಜಿಸ್ಟರಲ್ಲಿರೋ ತಾಯಿ ಎಲ್ಲಾ ನಾನೇ, ಬಂದು ನೋಡಿ ಅಂತ. ಮೂರೇ ಸಾಲು."

ಅವರು ಕಾಂಟ್ರಾಕ್ಟರನಿಗೆ ಫೋನು ಮಾಡಲೆಂದು ಮೊಬೈಲು ತೆಗೆದರು. ನಂಬರು ಒತ್ತಿ ಕಿವಿಗೆ ಇಟ್ಟುಕೊಂಡು, ಇದ್ದಕ್ಕಿದ್ದಂತೆ ಉಸಿರಪ್ಪನ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದರು.

"ಇವಳ ಹೆಸರೇನಯ್ಯಾ?"

ಉಸಿರಪ್ಪ ರಿಜಿಸ್ಟರಿನಿಂದ ತಲೆ ಎತ್ತಿದ.

"ಹಿಡ್ಕೋ ಅಂತ ಕರೀತೀವಿ ಸಾರ್. ಹೆಸರು... ಗೊತ್ತಿಲ್ಲ ಸಾರ್."

ಇಬ್ಬರೂ ನನ್ನ ಕಡೆ ನೋಡಿದರು. ನಾನು ಹೇಳಲಿಲ್ಲ. ಬಕೆಟ್ಟಿನ ನೀರು ಚೆಲ್ಲಿ, ಪೊರಕೆಯನ್ನು ಮೂಲೆಗೆ ಒರಗಿಸಿ, ಚಪ್ಪಲಿ ಮೆಟ್ಟಿಕೊಂಡೆ.

"ಕಾಗದಕ್ಕೆ ಉತ್ತರ ಬರುತ್ತಲ್ಲ ಸಾರ್," ಅಂದೆ. "ಅದರಲ್ಲಿರುತ್ತೆ. ಓದ್ಕೊಳ್ಳಿ."